ಈ ರಜೆಗೆ ಒಂದು ಪುಸ್ತಕದ ಚೀಲ ಕೊಡಿಸಿ

ಸ್ನೇಹಿತರೇ,

ಸುತ್ತಿ ಬಳಸಿ ಹೇಳುವುದಿಲ್ಲ. ದುಡ್ಡು ಕೇಳೋಕೆ ಬರೆಯುತ್ತಿದ್ದೇವೆ. ಐದನೇ ಕ್ಲಾಸು ಮುಗಿಸಿ ಮಿಡ್ಲ್ ಸ್ಕೂಲಿಗೆ ಕಾಲಿಡುವ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಓದಲು ಪುಸ್ತಕ ಬೇಕು. ಪಠ್ಯಪುಸ್ತಕ ಅಲ್ಲ, ಗೈಡು ಅಲ್ಲ, ಖಾಲಿ ಬಿಟ್ಟ ಜಾಗ ತುಂಬುವ ವರ್ಕ್‌ಬುಕ್ಕೂ ಅಲ್ಲ. ದೆವ್ವ, ರಾಕೆಟ್ಟು, ಆನೆ, ಜೋಕು, ಪತ್ತೇದಾರಿ, ಕಾಮಿಕ್ಸು, ಏನು ಬೇಕಾದರೂ ಇರಲಿ, ಮಗು ತಾನೇ ಕೈಹಾಕಿ ಆರಿಸಿಕೊಂಡದ್ದಾಗಿರಬೇಕು. ಒಬ್ಬೊಬ್ಬರಿಗೆ 12 ಪುಸ್ತಕ ಇರುವ ಒಂದು ಚೀಲ. ನಮ್ಮ ಟ್ರಸ್ಟ್ ಈ ರಜೆಗೆ ಮಾಡಹೊರಟಿರುವುದು ಇಷ್ಟೇ.

ಇವೇ ಮಕ್ಕಳು ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಚಿಕ್ಕ ಮಕ್ಕಳಿಗೆ ಪುಸ್ತಕ ಕೊಡಲು ಎಲ್ಲರಿಗೂ ಇಷ್ಟ, ಅವರು ಮುದ್ದಾಗಿರುತ್ತಾರೆ. ಹನ್ನೊಂದು ವರ್ಷದ ಮಗು ಅಷ್ಟೇನೂ ಮುದ್ದಲ್ಲ, ಮುಖ ತಿರುಗಿಸುತ್ತದೆ, 'ನಂಗೇನೂ ಬೇಡ' ಅನ್ನುತ್ತದೆ. ಆದರೆ ಆರನೇ ಕ್ಲಾಸಿನಲ್ಲಿ ಆಟದ ನಿಯಮವೇ ಬದಲಾಗುತ್ತದೆ. ವಿಷಯಕ್ಕೊಬ್ಬ ಮೇಷ್ಟ್ರು ಬರುತ್ತಾರೆ, ಇತಿಹಾಸದ ಪಾಠ ಪುಟಗಟ್ಟಲೆ ಇರುತ್ತದೆ, ವಿಜ್ಞಾನದ ಪುಸ್ತಕದಲ್ಲಿ ಚಿತ್ರ ಕಡಿಮೆಯಾಗಿ ಅಕ್ಷರ ಜಾಸ್ತಿಯಾಗುತ್ತದೆ, ಮನೆಗೆ ಹೋಗಿ ಓದಿಕೊಂಡು ಬನ್ನಿ ಅಂತ ಹೇಳಿ ಮೇಷ್ಟ್ರು ಮುಂದೆ ಹೋಗಿಬಿಡುತ್ತಾರೆ. ಮೊದಮೊದಲು ಮಗು ಓದುವುದನ್ನು ಕಲಿಯುತ್ತಿರುತ್ತದೆ, ಆಮೇಲೆ ಓದಿ ಕಲಿಯಬೇಕು. ಓದಿನ ಹಂತಗಳ ಬಗ್ಗೆ ಜೀವನವಿಡೀ ಕೆಲಸ ಮಾಡಿದ ಜೀನ್ ಚಾಲ್ 1983ರಲ್ಲೇ ಈ ತಿರುವನ್ನು ಗುರುತಿಸಿದ್ದರು, ಅದು ನಾಲ್ಕನೇ ಕ್ಲಾಸಿನ ಹೊತ್ತಿಗೇ ಶುರುವಾಗುತ್ತದೆ ಅಂದಿದ್ದರು. ತಿರುವಿನಲ್ಲಿ ಹಿಂದೆ ಬಿದ್ದವರು ಆಮೇಲೆ ಎಲ್ಲ ವಿಷಯದಲ್ಲೂ ಹಿಂದೆ ಬೀಳುತ್ತಾ ಹೋಗುತ್ತಾರೆ. ಲೆಕ್ಕ ಬರಲ್ಲ ಅಂತ ಬೈಸಿಕೊಳ್ಳುವ ಮಗುವಿಗೆ ಎಷ್ಟೋ ಸಲ ಲೆಕ್ಕ ಬರುತ್ತದೆ, ಮೂರು ಸಾಲಿನ ಪ್ರಶ್ನೆ ಮಾತ್ರ ಅರ್ಥವಾಗಿರುವುದಿಲ್ಲ.

ಇನ್ನೊಂದು ವಿಷಯ, ಈ ವಯಸ್ಸಿನವರು ಕೇಳುವುದನ್ನು ನಿಲ್ಲಿಸಿಬಿಡುತ್ತಾರೆ. ಏಳು ವರ್ಷದ ಮಗು ಈ ಪದ ಏನು ಅಂತ ಹತ್ತು ಸಲ ಕೇಳುತ್ತದೆ. ಹನ್ನೊಂದರ ಮಗು ಸುಮ್ನೆ ಪುಟ ತಿರುಗಿಸುತ್ತದೆ.

ಈಗ ರಜೆಯ ವಿಚಾರಕ್ಕೆ ಬರೋಣ. ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಜೊತೆಗಾರರು 1996ರಲ್ಲಿ 39 ಅಧ್ಯಯನಗಳನ್ನು ಪರಿಶೀಲಿಸಿ, ಅವುಗಳಲ್ಲಿ ಹೊಸದಾದ 13ನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬೇಸಿಗೆ ರಜೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಹೋಗುತ್ತಾರೆ ಅಂತ ಕಂಡುಬಂತು. ಎಷ್ಟು ಹಿಂದೆ ಎನ್ನುವ ಲೆಕ್ಕದ ಬಗ್ಗೆ ಸಂಶೋಧಕರಲ್ಲಿ ಈಗಲೂ ಜಗಳವಿದೆ, ಅದು ಅವರಿಗೇ ಇರಲಿ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿದ್ದ ಬೇರೊಂದು ಮಾತು: ಓದಿನ ವಿಷಯದಲ್ಲಿ ಅನುಕೂಲಸ್ಥ ಮನೆಯ ಮಕ್ಕಳು ಹಿಂದೆ ಹೋಗಿರಲಿಲ್ಲ, ಸ್ವಲ್ಪ ಮುಂದೆಯೇ ಹೋಗಿದ್ದರು, ಹಿಂದೆ ಹೋದವರು ಬಡ ಮನೆಯವರು. ಬುದ್ಧಿಯ ಪ್ರಶ್ನೆ ಅಲ್ಲವೇ ಅಲ್ಲ ಇದು. ಒಂದು ಮನೆಯ ಕಪಾಟಿನಲ್ಲಿ ಪುಸ್ತಕ ಇದೆ, ಇನ್ನೊಂದು ಮನೆಯಲ್ಲಿ ಕಪಾಟೇ ಇಲ್ಲ, ಶಾಲೆಯ ಲೈಬ್ರರಿಗೆ ರಜೆಯಲ್ಲಿ ಬೀಗ.

ಇನ್ನೊಂದು ಅಧ್ಯಯನ 1988ರದ್ದು, ಅದೂ ನೇರವಾಗಿ ಐದನೇ ಕ್ಲಾಸಿನ ಮಕ್ಕಳ ಮೇಲೇ ಮಾಡಿದ್ದು. ಆ್ಯಂಡರ್ಸನ್, ವಿಲ್ಸನ್ ಮತ್ತು ಫೀಲ್ಡಿಂಗ್ ಎಂಬುವರು ಅಮೆರಿಕದ ಮಕ್ಕಳಿಗೆ, ಶಾಲೆ ಬಿಟ್ಟ ಮೇಲೆ ಯಾವುದಕ್ಕೆ ಎಷ್ಟು ಹೊತ್ತು ಕಳೆದಿರಿ ಅಂತ ದಿನಾ ಬರೆದಿಡಲು ಹೇಳಿದರು. ಯಾರು ಎಷ್ಟು ಓದುತ್ತಾರೆ ಅಂತ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ, ಸರಿಯಾಗಿ ಮಧ್ಯದಲ್ಲಿ ನಿಲ್ಲುವ ಮಗು ದಿನಕ್ಕೆ ಐದು ನಿಮಿಷವೂ ಪುಸ್ತಕ ಓದುತ್ತಿರಲಿಲ್ಲ. ನೂರರಲ್ಲಿ ತೊಂಬತ್ತು ಜನರಿಗಿಂತ ಜಾಸ್ತಿ ಓದುವ ಮಗು ಏನು ಗಂಟೆಗಟ್ಟಲೆ ಓದುತ್ತಿತ್ತಾ? ಇಲ್ಲ, 21 ನಿಮಿಷ. ಆದರೆ ವರ್ಷದ ಕೊನೆಗೆ ಅದರ ಕಣ್ಣ ಮುಂದೆ ಹಾದುಹೋದ ಪದಗಳು ಸುಮಾರು 18 ಲಕ್ಷ, ಮಧ್ಯದ ಮಗುವಿಗೆ ಸುಮಾರು 2.8 ಲಕ್ಷ, ನೂರರಲ್ಲಿ ಕೆಳಗಿನಿಂದ ಹತ್ತನೆಯದಾಗಿ ನಿಲ್ಲುವ ಮಗುವಿಗೆ ಬರೀ ಎಂಟು ಸಾವಿರ. ಎಂಟು ಸಾವಿರ ಅಂದರೆ ಒಂದು ತೆಳ್ಳಗಿನ ಕಥೆಪುಸ್ತಕ, ಇಡೀ ವರ್ಷಕ್ಕೆ! ಮಧ್ಯದಿಂದ ಮೇಲಕ್ಕೆ ಹೋಗಲು ಬೇಕಿರುವುದು ದಿನಕ್ಕೆ ಕಾಲು ಗಂಟೆ ಚಿಲ್ಲರೆ, ಆ ಕಾಲು ಗಂಟೆಯಲ್ಲಿ ಕೈಗೆ ಸಿಗುವ ಹಾಗೆ ಒಂದು ಪುಸ್ತಕ ಇದ್ದರೆ.

12 ಅನ್ನುವ ಸಂಖ್ಯೆಯನ್ನೂ ನಾವು ಸುಮ್ನೆ ಇಟ್ಟಿಲ್ಲ. ಅಮೆರಿಕದ ಸಂಶೋಧಕರಾದ ರಿಚರ್ಡ್ ಆಲಿಂಗ್ಟನ್, ಆ್ಯನ್ ಮೆಕ್‌ಗಿಲ್-ಫ್ರಾಂಜೆನ್ ಮತ್ತಿತರರು ಅಲ್ಲಿನ ಬಡ ಮಕ್ಕಳಿಗೆ ಮೂರು ವರ್ಷ ಸತತವಾಗಿ, ಪ್ರತಿ ಬೇಸಿಗೆಗೂ 12 ಪುಸ್ತಕ ಆರಿಸಿಕೊಳ್ಳಲು ಬಿಟ್ಟರು. 2010ರಲ್ಲಿ ಬಂದ ಫಲಿತಾಂಶದಲ್ಲಿ, ಪುಸ್ತಕ ಸಿಕ್ಕವರ ಓದು ಸಿಗದವರಿಗಿಂತ ಚೆನ್ನಾಗಿತ್ತು, ತೀರಾ ಬಡವರಿಗೆ ಲಾಭ ಇನ್ನೂ ಜಾಸ್ತಿ. ಆ ಮಕ್ಕಳು ನಮ್ಮವರಿಗಿಂತ ಚಿಕ್ಕವರು, ಆ ವ್ಯತ್ಯಾಸ ನಮಗೆ ಗೊತ್ತಿದೆ. ಆದರೂ ಅದರಿಂದ ಒಂದು ಪಾಠ ತೆಗೆದುಕೊಂಡಿದ್ದೇವೆ: ಆಯ್ಕೆ ಮಗುವಿನದ್ದೇ ಆಗಿರಲಿ.

ಹಾಗಂತ ಚೀಲ ಕೊಟ್ಟು ಕೈತೊಳೆದುಕೊಂಡರೆ ಆಗುವುದಿಲ್ಲ. ಜೇಮ್ಸ್ ಕಿಮ್ ಮತ್ತು ಥಾಮಸ್ ವೈಟ್ 2008ರಲ್ಲಿ ಮೂರರಿಂದ ಐದನೇ ಕ್ಲಾಸಿನ ಮಕ್ಕಳೊಂದಿಗೆ ಮಾಡಿದ ಪ್ರಯೋಗದಲ್ಲಿ, ಬರೀ ಪುಸ್ತಕ ಸಿಕ್ಕವರಿಗೆ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಹೇಗೆ ಓದಬೇಕು ಅಂತ ಮೇಷ್ಟ್ರು ಮೊದಲೇ ತೋರಿಸಿಕೊಟ್ಟು, ಮನೆಯಲ್ಲಿ ಯಾರಾದರೂ ಕೂತು ಮಗು ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಂಡಾಗ ಕೆಲಸ ಆಯಿತು. ಅದಕ್ಕೇ ನಮಗೆ ಕಿವಿಗಳೂ ಬೇಕು. ಅದನ್ನು ಕೆಳಗೆ ಹೇಳುತ್ತೇವೆ.

ಪುಸ್ತಕ ಆರಿಸುವ ದಿನ ಹೇಗಿರುತ್ತದೆ ಅಂತ ಸ್ವಲ್ಪ ಕೇಳಿ. ಉದ್ದ ಮೇಜುಗಳ ಮೇಲೆ ಪುಸ್ತಕ ಹರಡಿರುತ್ತದೆ, ಬೆನ್ನು ಕಾಣುವ ಹಾಗಲ್ಲ, ಮುಖ ಕಾಣುವ ಹಾಗೆ. ಮಗು ಮೊದಲು ಮುಖಪುಟ ನೋಡುತ್ತದೆ, ಆಮೇಲೆ ಬೆರಳಲ್ಲಿ ದಪ್ಪ ಅಳೆಯುತ್ತದೆ, ಆಮೇಲೆ ಅಕ್ಷರ ಎಷ್ಟು ಸಣ್ಣ ಅಂತ. ಕೆಲವರು ಕೊನೇ ಪುಟ ಮೊದಲು ಓದಿ ನೋಡುತ್ತಾರೆ, ನಾಯಿ ಸಾಯುತ್ತಾ ಇಲ್ವಾ ಅಂತ ತಿಳಿಯಲು. ಕಷ್ಟ ಇರುವುದು ತಡವರಿಸಿ ಓದುವ ಹುಡುಗನಿಗೆ. ಗೆಳೆಯರು ಪಕ್ಕದಲ್ಲೇ ನಿಂತಿರುವುದರಿಂದ ಅವನು ಎಲ್ಲಕ್ಕಿಂತ ದಪ್ಪ ಪುಸ್ತಕ ಎತ್ತಿಕೊಳ್ಳುತ್ತಾನೆ, ಅದನ್ನು ರಜೆಯಿಡೀ ತೆರೆಯುವುದಿಲ್ಲ. ಅವನಿಗೆ ಚಿಕ್ಕವರ ಪುಸ್ತಕ ಕೊಟ್ಟರೆ ಅವಮಾನ. ಅವನಿಗೆ ಬೇಕಿರುವುದು ಹನ್ನೊಂದು ವರ್ಷದವರ ಕಥೆ, ಎಂಟು ವರ್ಷದವರಿಗೂ ಸುಲಭವಾಗುವ ಮಾತಿನಲ್ಲಿ, ಚಿಕ್ಕ ಚಿಕ್ಕ ಅಧ್ಯಾಯಗಳಾಗಿ, ಮುಖಪುಟ ಮಾತ್ರ ದೊಡ್ಡವರದ್ದರ ಹಾಗೆ. ಅಂಥ ಪುಸ್ತಕಗಳು ಇವೆ, ಆದರೆ ಹುಡುಕಿ ಕೊಳ್ಳಬೇಕು, ದಾನವಾಗಿ ಬಂದ ರಾಶಿಯಲ್ಲಿ ಸಿಗುವುದಿಲ್ಲ. ಮೇಜಿನ ಹತ್ತಿರ ಎಲ್ಲರಿಗೂ ಐದು ಬೆರಳಿನ ಲೆಕ್ಕ ಹೇಳಿಕೊಡುತ್ತೇವೆ. ಯಾವುದಾದರೂ ಒಂದು ಪುಟ ತೆಗೆದು ಓದು, ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಿಸು, ಪುಟ ಮುಗಿಯುವುದರೊಳಗೆ ಐದೂ ಮಡಿಸಿದರೆ ಇದು ಈಗ ಬೇಡ. ಯಾರೂ ಯಾರಿಗೂ ನಿನಗೆ ಓದಲು ಬರಲ್ಲ ಅಂತ ಹೇಳಬೇಕಾಗಿಲ್ಲ.

ಇಲ್ಲೇ ಒಂದು ನಿಷ್ಠುರದ ಮಾತು. ದಯವಿಟ್ಟು ಅಟ್ಟದ ಮೇಲಿನ ಹಳೇ ಪುಸ್ತಕ ಕಳಿಸಬೇಡಿ. ಹಳೇ ಸಿಲಬಸ್ಸಿನ ಪಠ್ಯ, ಪುಟ ಹರಿದ ವಿಶ್ವಕೋಶ, ಯಾರೋ ಉತ್ತರ ಬರೆದು ಬಿಟ್ಟಿರುವ ರಸಪ್ರಶ್ನೆ ಪುಸ್ತಕ, ಇವನ್ನು ಬೇರ್ಪಡಿಸುವುದರಲ್ಲೇ ನಮ್ಮವರ ಸಮಯ ಹೋಗುತ್ತದೆ. ನಿಮ್ಮ ಮಗು ಬೇಡ ಅಂದದ್ದನ್ನು ಇನ್ನೊಂದು ಮಗು ಯಾಕೆ ಇಷ್ಟಪಡಬೇಕು, ಅಲ್ವಾ? ಚೆನ್ನಾಗಿರುವ ಕಥೆಪುಸ್ತಕವಿದ್ದರೆ ಮೊದಲು ಒಂದು ಫೋಟೋ ಕಳಿಸಿ ಕೇಳಿ, ಖಂಡಿತ ತೆಗೆದುಕೊಳ್ಳುತ್ತೇವೆ.

ಪುಸ್ತಕ ಮಗುವಿನದ್ದೇ, ರಜೆ ಮುಗಿದ ಮೇಲೆ ವಾಪಸ್ ಕೇಳುವುದಿಲ್ಲ. ವಾಪಸ್ ಕೊಡಬೇಕು ಅಂದರೆ, ಹರಿದು ಹೋದರೆ ದಂಡ ಕಟ್ಟಬೇಕಾಗುತ್ತದೆ ಅಂತ ಹೆದರಿ ಮನೆಯವರು ಅದನ್ನು ಕೈಗೆಟುಕದ ಕಡೆ ಇಟ್ಟುಬಿಡುತ್ತಾರೆ. ಒಳಪುಟದಲ್ಲಿ ಮಗು ತನ್ನ ಹೆಸರು ಬರೆಯಲಿ, ತಮ್ಮನೋ ತಂಗಿಯೋ ಗೀಚಲಿ, ಪರವಾಗಿಲ್ಲ. ಪರೀಕ್ಷೆ ಇಲ್ಲ, ಮಾರ್ಕ್ಸ್ ಇಲ್ಲ, ಓದಿದ್ದರ ಬಗ್ಗೆ ಪ್ರಬಂಧ ಬರೆಸುವುದಂತೂ ಇಲ್ಲವೇ ಇಲ್ಲ. ಅರ್ಧಕ್ಕೆ ಬಿಡಬಹುದು. ಒಂದೇ ಪುಸ್ತಕವನ್ನು ಆರು ಸಲ ಓದಬಹುದು. ಕಾಮಿಕ್ಸನ್ನೂ ಓದು ಅಂತಲೇ ಲೆಕ್ಕ ಹಾಕುತ್ತೇವೆ, ಈ ವಿಷಯದಲ್ಲಿ ಅಪ್ಪ ಅಮ್ಮಂದಿರ ಜೊತೆ ವಾದಕ್ಕೂ ಸಿದ್ಧ. ಕಣ್ಣು ಸರಿಯಾಗಿ ಕಾಣದ ಅಥವಾ ಅಕ್ಷರ ಜೋಡಿಸಿಕೊಳ್ಳಲು ಕಷ್ಟಪಡುವ ಮಕ್ಕಳಿಗೆ ದೊಡ್ಡ ಅಕ್ಷರದ ಪುಸ್ತಕ, ಕೇಳುವ ಪುಸ್ತಕ ಕೊಡುತ್ತೇವೆ. ಅವು ದುಬಾರಿ, ಅದಕ್ಕೂ ನಿಮ್ಮ ಸಹಾಯ ಬೇಕು.

ಬಂದ ದುಡ್ಡು ಮೊದಲು ಹೋಗುವುದು ಪುಸ್ತಕಕ್ಕೆ, ಆಮೇಲೆ ಚೀಲ, ಹೊದಿಕೆ, ಸಾಗಾಟಕ್ಕೆ. ಸಮಾರಂಭ, ಬ್ಯಾನರು, ಭಾಷಣ ಇಟ್ಟುಕೊಂಡಿಲ್ಲ. ಮಕ್ಕಳು ಆರಿಸುವಷ್ಟು ಬಗೆ ಇರಬೇಕಾದರೆ ಕೊಡುವುದಕ್ಕಿಂತ ಜಾಸ್ತಿ ಪುಸ್ತಕ ಮೇಜಿನ ಮೇಲಿರಬೇಕು, ಹಾಗಾಗಿ ಕೊನೆಯಲ್ಲಿ ಒಂದಷ್ಟು ಉಳಿಯುತ್ತದೆ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡುತ್ತೇವೆ. ಇಷ್ಟೊಂದು ಯಾಕೆ ಕೊಂಡಿರಿ ಅಂತ ಲೆಕ್ಕ ನೋಡುವವರು ಕೇಳಬಹುದು, ಆದ್ದರಿಂದ ಮೊದಲೇ ಹೇಳಿಬಿಟ್ಟಿದ್ದೇವೆ.

ಒಬ್ಬರೇ ಪೂರ್ತಿ ಚೀಲ ಕೊಡಿಸಬೇಕು ಅಂತೇನಿಲ್ಲ. ಅರ್ಧ ಚೀಲ ಕೊಡಿ, ಒಂದೇ ಪುಸ್ತಕದ್ದು ಕೊಡಿ, ಆಫೀಸಿನ ನಾಲ್ಕು ಜನ ಸೇರಿ ಒಂದು ಕೊಡಿಸಿ. ದುಡ್ಡು ಆಗಲ್ಲ ಅನ್ನುವವರು ಕಿವಿ ಕೊಡಿ. ವಾರಕ್ಕೊಮ್ಮೆ ಕಾಲು ಗಂಟೆ, ಮನೆಯವರ ಎದುರಲ್ಲಿ ಫೋನಿನಲ್ಲಿ, ಒಂದು ಮಗು ಓದುವುದನ್ನು ಕೇಳಿಸಿಕೊಳ್ಳಬೇಕು. ಎಲ್ಲಿಯವರೆಗೆ ಬಂತು, ಮುಂದೆ ಏನಾಗಬಹುದು ಅಂತ ಒಂದೆರಡು ಮಾತು ಕೇಳಬೇಕು. ತಪ್ಪು ತಿದ್ದುವ ಆತುರ ಬೇಡ, ಮಗು ತಡವರಿಸಿದಾಗ ಐದು ಎಣಿಸುವಷ್ಟು ಹೊತ್ತು ಸುಮ್ಮನಿರಿ, ಎಷ್ಟೋ ಸಲ ತಾನೇ ಸರಿಮಾಡಿಕೊಳ್ಳುತ್ತದೆ. ಕೇಳುವವರಿಗೆ ಮೊದಲು ಒಂದು ಗಂಟೆಯ ತರಬೇತಿ ಇರುತ್ತದೆ, ಅದಕ್ಕೆ ಬರದವರಿಗೆ ಮಗುವನ್ನು ಜೋಡಿಸುವುದಿಲ್ಲ.

ನಿಮ್ಮ ಚೀಲ ಪಡೆದ ಮಗುವಿನ ಫೋಟೋ ಮಾತ್ರ ಕೇಳಬೇಡಿ, ಕಳಿಸುವುದಿಲ್ಲ. ಯಾವ ಪುಸ್ತಕ ಎಲ್ಲಕ್ಕಿಂತ ಬೇಗ ಖಾಲಿಯಾಯಿತು, ಯಾವುದನ್ನು ಯಾರೂ ಮುಟ್ಟಲಿಲ್ಲ ಅನ್ನುವ ಪಟ್ಟಿಯನ್ನು ರಜೆ ಮುಗಿದ ಮೇಲೆ ಖರ್ಚಿನ ಲೆಕ್ಕದ ಜೊತೆ ಕಳಿಸುತ್ತೇವೆ.

ಪುಸ್ತಕ ಕೊಂಡು ತಂದು ಹೊದಿಕೆ ಹಾಕಲು ಸಮಯ ಬೇಕು, ಹಾಗಾಗಿ ವಾರ್ಷಿಕ ಪರೀಕ್ಷೆ ಶುರುವಾಗುವ ಮುಂಚೆಯೇ ದೇಣಿಗೆ ಕಳಿಸಿದರೆ ನಮಗೆ ಅನುಕೂಲ. ಕಳಿಸುವಾಗ 'ಬೇಸಿಗೆ ಚೀಲ' ಅಂತ ಬರೆಯಿರಿ, ಇಲ್ಲದಿದ್ದರೆ ಟ್ರಸ್ಟಿನ ಬೇರೆ ಖಾತೆಗೆ ಸೇರಿಬಿಡುತ್ತದೆ. ದಾನಿಗಳ ಪಟ್ಟಿಯಲ್ಲಿ ಹೆಸರು ಬೇಡ ಅನ್ನುವವರು ಅದನ್ನೂ ಅಲ್ಲೇ ತಿಳಿಸಿ, ರಸೀದಿ ಮಾತ್ರ ನಿಮ್ಮ ಹೆಸರಿಗೇ ಬರುತ್ತದೆ.