ತಕ್ಕಡಿಗೆ ಮುದ್ರೆ ಇದೆ, ಕರೆಂಟ್ ಮಷೀನಿಗೆ?

ಮಾನ್ಯ ಸಂಪಾದಕರೇ,

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು ನಾನು. ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಗುವ ತಕ್ಕಡಿಯಿಂದ ಬಂಗಾರದಂಗಡಿಯ ಪುಟ್ಟ ತಕ್ಕಡಿಯವರೆಗೆ ಮುದ್ರೆ ಒತ್ತಿದ್ದೇನೆ. ಪೆಟ್ರೋಲ್ ಬಂಕಿನಲ್ಲಿ ಐದು ಲೀಟರಿನ ಅಳತೆಗೆ 25 ಮಿಲಿಲೀಟರಿಗಿಂತ ಹೆಚ್ಚು ಕೊರತೆ ಬಂದರೆ ಪಂಪ್ ಬಂದ್ ಮಾಡಿಸುತ್ತಿದ್ದೆವು. ಆಮೇಲೆ ಯಾರ್ಯಾರದೋ ಫೋನು ಬರುತ್ತಿತ್ತು, ಆ ಮಾತು ಬೇರೆ.

ಹೋದ ವರ್ಷ ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಆಯಿತು. ಆಪರೇಷನ್, ಕಿಮೋ ಮುಗಿದ ಮೇಲೆ 25 ಸಿಟ್ಟಿಂಗ್ ಕರೆಂಟ್ ಬರೆದರು. ರೇಡಿಯೋಥೆರಪಿಗೆ ನಮ್ಮ ಕಡೆ ಹಾಗೇ ಹೇಳುವುದು. ಶಾಕ್ ಹೊಡೆಯುವುದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಮೊದಲ ದಿನ ಅವಳು ರಬ್ಬರ್ ಚಪ್ಪಲಿ ಬಿಡಲು ಒಪ್ಪಲಿಲ್ಲ.

ಫೈಲಿನಲ್ಲಿ ದಿನಕ್ಕೆ 2 ಗ್ರೇ, ಒಟ್ಟು 50 ಗ್ರೇ ಎಂದಿತ್ತು. ಗ್ರೇ ಎಂದರೆ ಮೈ ಹೀರುವ ವಿಕಿರಣದ ಅಳತೆ. ಹಳೇ ಚಾಳಿ ಬಿಡಬೇಕಲ್ಲ? ಆ 2 ಗ್ರೇ ನಿಜಕ್ಕೂ 2 ಗ್ರೇಯೇ ಎಂದು ಹೇಳುವವರು ಯಾರು? ಪೆಟ್ರೋಲ್ ಕಮ್ಮಿಯಾದರೆ ಗಾಡಿ ದಾರಿಯಲ್ಲಿ ನಿಂತು ಹೇಳುತ್ತದೆ. ಇಲ್ಲಿ ಕಮ್ಮಿಯಾದರೆ ರೋಗ ಒಳಗೇ ಉಳಿಯುತ್ತದೆ, ಹೆಚ್ಚಾದರೆ ಒಳ್ಳೆಯ ಅಂಗ ಸುಡುತ್ತದೆ, ಮೇಜಿನ ಮೇಲೆ ಮಲಗಿದವರಿಗೆ ಎರಡೂ ತಿಳಿಯುವುದಿಲ್ಲ. ಕೌಂಟರಿನಲ್ಲಿ ಕೇಳಿದೆ. "ಯಜಮಾನ್ರೇ, ಟೋಕನ್ ಕರೆದಾಗ ಬನ್ನಿ" ಅಂದರು.

ಕೊನೆಗೆ ಅಲ್ಲಿನ ಮೆಡಿಕಲ್ ಫಿಸಿಸಿಸ್ಟ್, ಅಂದರೆ ಯಂತ್ರದ ವಿಕಿರಣ ಅಳೆದು ನೋಡುವ ಹುಡುಗಿ, ಒಂದು ಬೆಳಿಗ್ಗೆ, ರೋಗಿಗಳು ಬರುವ ಮೊದಲೇ, ಒಳಗೆ ಕರೆದು ತೋರಿಸಿದಳು. ಪ್ಲಾಸ್ಟಿಕ್ ಹಲಗೆಗಳ ನಡುವೆ ವಿಕಿರಣ ಅಳೆಯುವ, ಪೆನ್ಸಿಲ್ ತುದಿಯಂಥ ಚೇಂಬರ್ ಇಟ್ಟು, ಹೊರಗೆ ಬಂದು ಕಿರಣ ಬಿಟ್ಟು, ಮೀಟರ್ ನೋಡಿ, ಆ ಹೊತ್ತಿನ ಉಷ್ಣಾಂಶ, ವಾಯುಭಾರ ಸೇರಿಸಿ ಲೆಕ್ಕ ಹಾಕಿದಳು. ಚೇಂಬರಿನೊಳಗಿನ ಗಾಳಿ ಬಿಸಿಯಾಗಿ ತೆಳುವಾದರೆ ರೀಡಿಂಗ್ ಇಳಿಯುತ್ತದಂತೆ. "ವ್ಯತ್ಯಾಸ ಶೇ 3 ಮೀರಿದ್ರೆ ಪೇಷೆಂಟನ್ನ ಒಳಗೆ ಬಿಡಲ್ಲ ಅಂಕಲ್" ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡಳು. ನನ್ನ ಇಲಾಖೆಯಲ್ಲೂ ಇಷ್ಟು ಶಿಸ್ತು ದಿನಾ ಇರಲಿಲ್ಲ, ಒಪ್ಪುತ್ತೇನೆ.

ಆದರೆ ರಿಜಿಸ್ಟರ್ ಆಸ್ಪತ್ರೆಯವರದೇ. ಅವಳೇ ಹೇಳಿದ ಸಂಗತಿ ಇದು. 1996ರಲ್ಲಿ ಕೋಸ್ಟಾರಿಕಾದ ಸ್ಯಾನ್ ಹೋಸೆಯಲ್ಲಿ ಕರೆಂಟ್ ಕೊಡುವ ಕೋಬಾಲ್ಟ್ ಯಂತ್ರಕ್ಕೆ ವಿಕಿರಣ ಸೂಸುವ ಹೊಸ ಕೋಬಾಲ್ಟ್ ಹಾಕಿ ಅಳೆಯುವಾಗ 0.3 ನಿಮಿಷವನ್ನು 30 ಸೆಕೆಂಡ್ ಎಂದು ಹಿಡಿದರು. 0.3 ನಿಮಿಷ ಎಂದರೆ 18 ಸೆಕೆಂಡ್. ಕಿರಣದ ಬಿರುಸು ಇದ್ದದ್ದಕ್ಕಿಂತ ಕಮ್ಮಿ ಎಂದು ಲೆಕ್ಕ ಬಂತು, ಅದನ್ನು ತುಂಬಿಸಲು ಪ್ರತಿಯೊಬ್ಬರನ್ನೂ ಹೆಚ್ಚು ಹೊತ್ತು ಮಲಗಿಸಿದರು. ನೂರಕ್ಕೂ ಹೆಚ್ಚು ಜನರಿಗೆ ಅತಿಯಾದ ವಿಕಿರಣ ಬಿತ್ತು, ಕೆಲವರು ಸತ್ತರು. ಮೊದಲ ಅಳತೆಯೇ ತಪ್ಪಿದ್ದಾಗ ಅದನ್ನೇ ನಂಬಿದ ಪುಸ್ತಕದಲ್ಲಿ ದಿನಾ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಅದಕ್ಕೇ ಹೊರಗಿನವರು ಅಳೆಯಬೇಕು. ಹಾಗೆ ಅಳೆಯುವ ಏರ್ಪಾಡೂ ಇದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1969ರಿಂದ ಪುಟ್ಟ ಕ್ಯಾಪ್ಸೂಲುಗಳನ್ನು ಅಂಚೆಯಲ್ಲಿ ಆಸ್ಪತ್ರೆಗಳಿಗೆ ಕಳಿಸಿ, ವಿಕಿರಣ ಕೊಡಿಸಿ, ವಾಪಸ್ ತರಿಸಿ ಎಷ್ಟು ವಿಕಿರಣ ಬಿದ್ದಿದೆ ಎಂದು ಅಳೆಯುತ್ತದೆ. ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವೂ ನಮ್ಮ ದೇಶದ ಆಸ್ಪತ್ರೆಗಳಿಗೆ ಇಂಥ ಪರೀಕ್ಷೆ ಮಾಡುತ್ತದೆ. ಫಲಿತಾಂಶ ಮಾತ್ರ ರೋಗಿಯ ಕಣ್ಣಿಗೆ ಬೀಳುವುದಿಲ್ಲ.

ಅಂಗಡಿಯವನು ತನ್ನ ತಕ್ಕಡಿಯ ಸರ್ಟಿಫಿಕೇಟನ್ನು ಗಿರಾಕಿಗೆ ಕಾಣುವಂತೆ ಹಾಕಬೇಕೆಂಬ ನಿಯಮವಿದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಇಲ್ಲದೆ ಈ ಯಂತ್ರ ನಡೆಸುವಂತಿಲ್ಲ, ಆದ್ದರಿಂದ ಮಂಡಳಿಯೇ ಇಂಥದೊಂದು ನಿಯಮ ತರಬಹುದು. ಇಂದಿನ ಪರೀಕ್ಷೆ ಆಯಿತೇ, ಹೊರಗಿನವರು ಕೊನೆಯ ಸಲ ಅಳೆದದ್ದು ಯಾವಾಗ, ವ್ಯತ್ಯಾಸ ಶೇಕಡ ಎಷ್ಟು, ಮೂರೇ ಸಾಲು. ನಾವು 25 ದಿನ ಕೂತ ಹಾಲ್‌ನಲ್ಲಿ ಚಪ್ಪಲಿ ಹೊರಗೆ ಬಿಡಿ, ಮೊಬೈಲ್ ಬಂದ್ ಮಾಡಿ, ಬಾಕಿ ಹಣ ಕಟ್ಟಿ ಎಂದು ಮೂರು ಬೋರ್ಡ್ ಇದ್ದವು. ನಾಲ್ಕನೆಯದಕ್ಕೂ ಗೋಡೆಯಲ್ಲಿ ಜಾಗವಿತ್ತು.

ಇಂತಿ,
ನಿವೃತ್ತ ತೂಕ-ಅಳತೆ ಇನ್‌ಸ್ಪೆಕ್ಟರ್, ದಾವಣಗೆರೆ