ಚಳಿಗೆ ಸ್ಟಾರ್ಟ್ ಆಗದ ಕಾರಿಗೆ ಮಾಡಿದ ಬೇಡದ ರಿಪೇರಿ: ಹಣ ವಾಪಸ್ ಕೋರಿ ದೂರು

ದಿನಾಂಕ: 27 ಜನವರಿ 2025

ಇಂದ,
ಕಾರಿನ ಮಾಲೀಕ, ಮೂಡಿಗೆರೆ ತಾಲ್ಲೂಕು

ಗೆ,
ವ್ಯವಸ್ಥಾಪಕರು, ಸರ್ವೀಸ್ ವಿಭಾಗ, ಚಿಕ್ಕಮಗಳೂರು

ಮಾನ್ಯರೆ,

ನನ್ನದು 2016ರ ಡೀಸೆಲ್ ಕಾರು. ಕೊಂಡಾಗಿನಿಂದ ಸರ್ವೀಸ್ ನಿಮ್ಮಲ್ಲೇ. ನವೆಂಬರ್ ಕೊನೆಗೆ ಚಳಿ ಶುರುವಾದದ್ದೇ ತಡ, ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಹಿಡಿಯಿತು. ಕೀ ತಿರುಗಿಸಿದರೆ ಎಂಜಿನ್ ಗರಗರ ಜೋರಾಗಿಯೇ ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಮೂರನೇ ನಾಲ್ಕನೇ ಸಲಕ್ಕೆ ಮೈಯೆಲ್ಲ ನಡುಗಿಸಿಕೊಂಡು ಎದ್ದು, ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆಯನ್ನು ಅಂಗಳದ ತುಂಬ ಬಿಡುತ್ತಿತ್ತು. ಎರಡು ನಿಮಿಷ ಕಳೆದರೆ ಎಲ್ಲ ಸರಿ. ಆಮೇಲೆ ದಿನವಿಡೀ ಕೀ ಮುಟ್ಟಿದರೆ ಸಾಕು.

ಇಷ್ಟನ್ನೂ ಡಿಸೆಂಬರ್ 9ರಂದು ನಿಮ್ಮ ಸರ್ವೀಸ್ ಅಡ್ವೈಸರ್‌ಗೆ ಬಿಡಿಸಿ ಹೇಳಿದೆ. ಜಾಬ್ ಕಾರ್ಡಿಗೆ ಇಳಿದದ್ದು ‘ಸ್ಟಾರ್ಟಿಂಗ್ ಪ್ರಾಬ್ಲಂ’ ಎಂಬ ಎರಡೇ ಪದ. ಬ್ಯಾಟರಿ ವೀಕ್ ಎಂದು ಹೊಸದು ಹಾಕಿ ₹7,400 ತೆಗೆದುಕೊಂಡರು, ಹಳೆಯದು ಎಕ್ಸ್‌ಚೇಂಜ್‌ಗೆ ಹೋಯಿತು. ಬ್ಯಾಟರಿ ಸೋತಿದ್ದರೆ ಎಂಜಿನ್ ಎಳೆದೆಳೆದು ತಿರುಗಬೇಕಿತ್ತಲ್ಲ ಎಂದು ಕೇಳಿದ್ದಕ್ಕೆ ‘ಚಳಿಗಾಲದಲ್ಲಿ ಎಲ್ಲ ಗಾಡಿಗೂ ಹೀಗೇ ಸರ್’ ಎಂದರು. ಮರುದಿನ ಬೆಳಿಗ್ಗೆ ಅದೇ ಕಥೆ. ಡಿಸೆಂಬರ್ 23ರಂದು ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳ ಕ್ಲೀನಿಂಗ್, ₹5,200. ಮತ್ತೆ ಅದೇ ಕಥೆ. ಕಾಫಿ ಕೊಯ್ಲಿಗೆ ಬಂದ ಆಳುಗಳು ಮೊದಲು ಕಾರು ತಳ್ಳಿ, ಆಮೇಲೆ ಬುಟ್ಟಿ ಹಿಡಿದು ತೋಟಕ್ಕೆ ಇಳಿಯುವುದು ದಿನಚರಿಯಾಯಿತು.

ತೋಟದ ಡೀಸೆಲ್ ಪಂಪ್‌ಸೆಟ್‌ನೊಂದಿಗೆ ಇಪ್ಪತ್ತು ವರ್ಷ ಗುದ್ದಾಡಿದವನು ನಾನು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಕೊಡುವ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಕಾವಿಗೇ ಡೀಸೆಲ್ ಹೊತ್ತಬೇಕು ಎಂಬುದನ್ನು ನಿಮಗೆ ನಾನು ಬರೆದು ತಿಳಿಸುವುದೇ ಮುಜುಗರ. ಬಿಳಿ ಹೊಗೆ ಬರುತ್ತಿದೆ ಎಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಕಾವು ಸಾಲುತ್ತಿಲ್ಲ ಎಂದು ಅನುಮಾನಪಡಲು ಇನ್ನೇನು ಬೇಕಿತ್ತು?

ಜನವರಿ 2ರಂದು ಮೂರನೇ ಸಲ ಬಂದಾಗ ಒಂದೇ ಒಂದು ಮಾತು ಕೇಳಿಕೊಂಡೆ. ನಮ್ಮೂರಿನಿಂದ ನಿಮ್ಮಲ್ಲಿಗೆ ಒಂದೂವರೆ ಗಂಟೆಯ ದಾರಿ, ಬರುವಷ್ಟರಲ್ಲಿ ಎಂಜಿನ್ ಚೆನ್ನಾಗಿ ಕಾದಿರುತ್ತದೆ. ರಾತ್ರಿ ಇಲ್ಲೇ ಬಿಟ್ಟು ಹೋಗುತ್ತೇನೆ, ಬೆಳಿಗ್ಗೆ ತಣ್ಣಗಿರುವಾಗಲೇ ಮೆಕ್ಯಾನಿಕ್ ಎದುರಿಗೆ ಸ್ಟಾರ್ಟ್ ಮಾಡಿ ನೋಡಿ ಎಂದೆ. ಒಪ್ಪಿದರು. ಮರುದಿನ ಹತ್ತು ಗಂಟೆಗೆ ಫೋನ್ ಮಾಡಿದರೆ ‘ಆರಾಮಾಗಿ ಸ್ಟಾರ್ಟ್ ಆಗ್ತಿದೆ ಸರ್, ವಾಷಿಂಗ್ ಕೂಡ ಆಯ್ತು’ ಎಂಬ ಉತ್ತರ! ಕಾರು ತರಲು ಹೋದಾಗ ವಾಷಿಂಗ್ ಹುಡುಗನನ್ನು ಸುಮ್ಮನೆ ವಿಚಾರಿಸಿದೆ. ‘ಬೆಳಿಗ್ಗೆ ಹಟ ಮಾಡ್ತು ಸಾರ್, ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಬಂತು. ಪೂರ್ತಿ ಬಿಳಿ ಹೊಗೆ’ ಎಂದ. ನಿಮ್ಮ ಇಡೀ ವರ್ಕ್‌ಶಾಪಿನಲ್ಲಿ ನನ್ನ ಕಾರಿನ ಕಾಯಿಲೆ ಕಣ್ಣಾರೆ ಕಂಡವನು ಅವನೊಬ್ಬನೇ, ಅವನನ್ನು ಯಾರೂ ಕೇಳಿರಲಿಲ್ಲ. ನನ್ನ ಕೈಗೆ ಬಂದದ್ದು ನಾಲ್ಕೂ ಇಂಜೆಕ್ಟರ್ ಬದಲಿಸಲು ₹58,000ದ ಎಸ್ಟಿಮೇಟ್.

ಜನವರಿ 19ರ ಭಾನುವಾರ ನಮ್ಮೂರಿನ ಮೆಕ್ಯಾನಿಕ್ ಬೆಳಿಗ್ಗೆ ಆರಕ್ಕೇ ಮನೆಗೆ ಬಂದರು. ರಾತ್ರಿಯಿಂದ ಗಾಡಿ ಮುಟ್ಟಬೇಡಿ ಎಂದು ಮೊದಲೇ ಹೇಳಿದ್ದರು. ಚಳಿಯಲ್ಲಿ ಸ್ಟಾರ್ಟ್ ಮಾಡುವ ಮೊದಲು ಎಂಜಿನ್ನಿನೊಳಗೆ ಕಾವು ಕೊಡುವ ಗ್ಲೋ ಪ್ಲಗ್‌ಗಳಿಗೆ ಬರುವ ವೈರ್ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್‌ಗೆ ಕಚ್ಚಿಸಿ, ಮೊನೆಯನ್ನು ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಿದರು. ಮೊದಲನೆಯದಕ್ಕೆ ಬಲ್ಬ್ ಹತ್ತಿತು. ಉಳಿದ ಮೂರಕ್ಕೆ ಮಿಣುಕ್ ಎನ್ನಲಿಲ್ಲ, ಎಂದರೆ ಆ ಮೂರೂ ಸತ್ತಿದ್ದವು. ಡ್ಯಾಶ್‌ಬೋರ್ಡಿನ ಸುರುಳಿ ಆಕಾರದ ಗ್ಲೋ ಪ್ಲಗ್ ದೀಪ ದಿನವೂ ಸರಿಯಾಗಿಯೇ ಹತ್ತಿ ಆರುತ್ತಿತ್ತಲ್ಲ ಎಂದೆ. ಅದು ಸಮಯ ನೋಡಿಕೊಂಡು ಆರುತ್ತದೆ, ಪ್ಲಗ್ ಕಾದದ್ದು ಅದಕ್ಕೆ ಗೊತ್ತಾಗುವುದಿಲ್ಲ ಎಂದರು. ಆಮೇಲೆ ಹೇಗೋ ಸ್ಟಾರ್ಟ್ ಮಾಡಿಸಿ, ಎಂಜಿನ್ ಬಿಸಿಯಾಗುವವರೆಗೆ ಕಾದು, ಆಫ್ ಮಾಡಿ, ನಿಧಾನವಾಗಿ ಬಿಚ್ಚಿದರು. ತಣ್ಣಗಿರುವಾಗ ಬಲ ಹಾಕಿದರೆ ಪ್ಲಗ್ ಮುರಿದು ಎಂಜಿನ್ ಹೆಡ್‌ನೊಳಗೇ ಉಳಿಯುತ್ತದಂತೆ. ನಾಲ್ಕು ಹೊಸ ಪ್ಲಗ್, ಕೂಲಿ ಸೇರಿ ₹4,300. ಅಂದಿನಿಂದ ಮಂಜು ಬಿದ್ದ ಬೆಳಗಿನಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್.

ತಪ್ಪು ಯಾರಿಗಾದರೂ ಆಗುತ್ತದೆ. ಆದರೆ ತಣ್ಣಗಿರುವಾಗ ಬರುವ ದೋಷವನ್ನು ತಣ್ಣಗಿರುವಾಗ ನೋಡದೆಯೇ ಎರಡು ಬಿಲ್ ಮಾಡಿದ್ದನ್ನು ತಪ್ಪು ಎಂದು ಬಿಟ್ಟುಬಿಡಲು ನಾನು ತಯಾರಿಲ್ಲ. ಬ್ಯಾಟರಿಯ ₹7,400, ಕ್ಲೀನಿಂಗಿನ ₹5,200, ಒಟ್ಟು ₹12,600 ನನಗೆ ವಾಪಸ್ ಬರಬೇಕು. ಹಳೆಯ ಬ್ಯಾಟರಿ ಹಾಳಾಗಿತ್ತು ಎನ್ನುವುದಾದರೆ ಅದರ ಟೆಸ್ಟ್ ರಿಪೋರ್ಟ್ ಕೊಡಿ, ಆ ₹7,400 ಬಿಟ್ಟುಕೊಡುತ್ತೇನೆ. ಜನವರಿ 3ರ ಬೆಳಿಗ್ಗೆ ಕಾರನ್ನು ಮೊದಲು ಸ್ಟಾರ್ಟ್ ಮಾಡಿದವರು ಯಾರು, ಜಾಬ್ ಕಾರ್ಡಿನಲ್ಲಿ ಅದನ್ನೇಕೆ ಬರೆದಿಲ್ಲ ಎಂಬುದಕ್ಕೂ ಲಿಖಿತ ಉತ್ತರ ಬೇಕು. ಆ ಹುಡುಗ ನಿಜ ಹೇಳಿದ್ದಾನೆ, ಅವನ ಮೇಲೆ ಹರಿಹಾಯಬೇಡಿ.

15 ದಿನದೊಳಗೆ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯೆಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಬಿಚ್ಚಿದ ನಾಲ್ಕೂ ಪ್ಲಗ್ ನನ್ನ ಬಳಿ ಇವೆ. ಬೇಕೆಂದರೆ ತರುತ್ತೇನೆ, ನಿಮ್ಮ ಟೆಸ್ಟ್ ಲ್ಯಾಂಪಿನಲ್ಲೇ ನೋಡಿ.

ಇಂತಿ,
ಕಾರಿನ ಮಾಲೀಕ

ಲಗತ್ತು: ಮೂರು ಜಾಬ್ ಕಾರ್ಡ್, ಎರಡು ಬಿಲ್, ₹58,000ದ ಎಸ್ಟಿಮೇಟ್, ಪ್ಲಗ್‌ಗಳ ಫೋಟೊ