ನಮಗೂ ಒಂದು ಊರ ತಂಡ

ದೀಪಾವಳಿ ಸಂಚಿಕೆ ನಾಳೆ ಬೆಳಿಗ್ಗೆ ಹೊರಡಬೇಕು. ಸಂಪಾದಕೀಯದ ಜಾಗ ಇನ್ನೂ ಖಾಲಿ ಇದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ನಮ್ಮ ಕನ್ನಡ ಸಂಘದ ವರ್ಷದ ಕೆಲಸಗಳ ಬಗ್ಗೆ ಬರೆಯೋಣ ಎಂದುಕೊಂಡಿದ್ದೆ. ಆದರೆ ಮೊನ್ನೆ ಊಟದ ಹೊತ್ತಿಗೆ ಮಗ ಕೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. "ಅಮ್ಮಾ, ಕಾಟನ್ ಇಲ್ಲಿ ಎಂಟು ವರ್ಷ ಇದ್ದ. ಇಲ್ಲಿಯವನೇ ಆಗಿಬಿಟ್ಟಿದ್ದ ಅಲ್ವಾ? ಮತ್ತೆ ಯಾಕೆ ಹೋದ?"

ಬ್ರೈಸ್ ಕಾಟನ್ ಯಾರು ಅಂತ ಪರ್ತ್‌ನ ಮಕ್ಕಳಿಗೆ ಹೇಳಬೇಕಾಗಿಲ್ಲ. ದೊಡ್ಡವರಿಗಾಗಿ ಬರೆಯುತ್ತೇನೆ. ಅಮೆರಿಕದ ಅರಿಜೋನಾದವನು. ಬ್ಯಾಸ್ಕೆಟ್‌ಬಾಲ್ ಆಡುವವರ ನಡುವೆ ಕುಳ್ಳನೇ. 2017ರ ಜನವರಿಯಲ್ಲಿ, ಸೀಸನ್ ಅರ್ಧಕ್ಕಿಂತ ಜಾಸ್ತಿ ಮುಗಿದ ಮೇಲೆ, ನಮ್ಮ ಊರಿನ ಬ್ಯಾಸ್ಕೆಟ್‌ಬಾಲ್ ತಂಡವಾದ ವೈಲ್ಡ್‌ಕ್ಯಾಟ್ಸ್‌ಗೆ ಬಂದ. ಅದಕ್ಕೆ ಸ್ವಲ್ಪ ಮುಂಚೆ ತಂಡ ಪಟ್ಟಿಯ ತಳದಲ್ಲಿ ಒದ್ದಾಡುತ್ತಿತ್ತು. ಮಾರ್ಚ್‌ನಲ್ಲಿ ಅದೇ ತಂಡ ಚಾಂಪಿಯನ್! ಇಲ್ಲವಾರಾ ಹಾಕ್ಸ್ ಮೇಲಿನ ಕೊನೆಯ ಪಂದ್ಯದಲ್ಲಿ ಅವನೊಬ್ಬನೇ 45 ಪಾಯಿಂಟ್ ಹೊಡೆದ. ಇಲ್ಲಿದ್ದಾಗ ಐದು ಸಲ ಆಸ್ಟ್ರೇಲಿಯಾದ ಲೀಗ್‌ನ ಅತ್ಯುತ್ತಮ ಆಟಗಾರನಾದ. 2025ರಲ್ಲಿ ಅಡಿಲೇಡ್ ತಂಡ ಸೇರಿದ.

ಅವನು ಬಂದ ಬೇಸಿಗೆಯಲ್ಲೇ ನಾವೂ ಈ ಊರಿಗೆ ಬಂದೆವು. ಸಂಕ್ರಾಂತಿಗೆ ಎಳ್ಳು ಬೀರಲು ಒಂದು ಮನೆಯೂ ಗೊತ್ತಿರಲಿಲ್ಲ. ಫೆಬ್ರವರಿಯಲ್ಲಿ ನಮ್ಮ ಯಜಮಾನರ ಆಫೀಸಿನವರೊಬ್ಬರು, ತಮಗೆ ಹೋಗಲು ಆಗುವುದಿಲ್ಲ ಅಂತ ಟಿಕೆಟ್ ಕೊಟ್ಟರು. ಬ್ಯಾಸ್ಕೆಟ್‌ಬಾಲ್ ಅಂದರೆ ನನಗೆ ಕಾಲೇಜು ಮೈದಾನದ ಮೂಲೆಯಲ್ಲಿ ಬಲೆ ಹರಿದು ನಿಂತ ಕಂಬ, ಅಷ್ಟೇ. ಪರ್ತ್ ಸ್ಟೇಷನ್‌ನಲ್ಲಿ ಇಳಿದರೆ ಎಲ್ಲಿ ನೋಡಿದರೂ ಕೆಂಪು ಅಂಗಿ. ಮುದುಕರು, ಮಕ್ಕಳು, ಕಾಲೇಜು ಹುಡುಗಿಯರು. ದಾರಿ ಕೇಳದೆ ಅವರ ಹಿಂದೆಯೇ ನಡೆದೆವು. ವೆಲ್ಲಿಂಗ್ಟನ್ ಸ್ಟ್ರೀಟ್‌ನ ಆ ನೀಲಿ ಕಟ್ಟಡ, ಈಗಿನ ಆರ್‌ಎಸಿ ಅರೀನಾ. ಒಳಗಿನ ಗದ್ದಲಕ್ಕೆ ಕಂಕುಳಲ್ಲಿದ್ದ ಮಗ ಬೆಚ್ಚಿ ಅತ್ತ. ಪಕ್ಕದ ಸೀಟಿನ ಅಜ್ಜಿ ತಮ್ಮ ಕೊರಳಿನ ತಂಡದ ಸ್ಕಾರ್ಫ್ ತೆಗೆದು ಅವನ ಕಿವಿಗೆ ಸುತ್ತಿದರು. ಆಮೇಲೆ ನನಗೆ ಪಾಠ ಶುರು. ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಸಿಕ್ಕ ಮೇಲೆ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು. ಓಹೋ, ಕಬಡ್ಡಿ ರೈಡಿನ ಹಾಗೆ ಗಡಿಯಾರ ಬೆನ್ನಟ್ಟುತ್ತದೆ ಅಂತ ಹೊಳೆದ ಮೇಲೆ ನನಗೂ ಆಟ ಹಿಡಿಸಿತು. ಆ ಅಜ್ಜಿ ಅಲ್ಲೇ ಇದ್ದ ಹಳೆಯ ಎಂಟರ್‌ಟೇನ್‌ಮೆಂಟ್ ಸೆಂಟರ್ ಕಾಲದಿಂದ ಆಟಕ್ಕೆ ಬರುತ್ತಿದ್ದವರು. ಹೊರಡುವಾಗ ಮುಂದಿನ ಪಂದ್ಯ ಯಾವತ್ತು, ವಾಪಸ್ ಯಾವ ರೈಲು ಹಿಡಿಯಬೇಕು ಎಲ್ಲ ಹೇಳಿ, "ಬರ್ತೀರಲ್ಲ?" ಎಂದರು. ಈ ಊರಿನಲ್ಲಿ ನಮ್ಮನ್ನು ಹಾಗೆ ಕರೆದ ಮೊದಲನೆಯವರು ಅವರು.

ಕ್ರಿಕೆಟ್ಟನ್ನು ನಾವು ಊರಿನಿಂದ ಕಟ್ಟಿಕೊಂಡು ಬಂದಿದ್ದೇವೆ. ಭಾರತ ಆಡಲು ಬಂದರೆ ನಾವೆಲ್ಲ ಒಂದೇ ಕಡೆ ಕೂರುತ್ತೇವೆ. ಅದು ಬೇಕು, ಬಿಡುವುದು ಬೇಡ. ಆದರೆ ಈ ಆಟವನ್ನು ನಮಗೆ ಈ ಊರೇ ಕೊಟ್ಟಿತು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಫೈನಲ್ ಸರಣಿಯ ಪಂದ್ಯಗಳನ್ನು ಖಾಲಿ ಸೀಟುಗಳ ಮುಂದೆ ಆಡಬೇಕಾಯಿತು. ಸಿಡ್ನಿ ತಂಡ ಹಿಂದೆ ಸರಿದಾಗ 2-1ರಲ್ಲಿ ಮುಂದಿದ್ದ ನಮಗೆ ಕಪ್ ಬಂತು. ಆಮೇಲೆ ಗಡಿ ಮುಚ್ಚಿತು. ಊರಿನಲ್ಲಿ ಹೆತ್ತವರಿಗೆ ಹುಷಾರಿಲ್ಲದಿದ್ದರೂ ಹೋಗಲಾಗದ ಆ ದಿನಗಳನ್ನು ನಿಮಗೆ ವಿವರಿಸಬೇಕೇ? 2022ರ ಮಾರ್ಚ್ 3ಕ್ಕೆ ಗಡಿ ತೆರೆಯಿತು. 1987ರಿಂದ ಸತತ 35 ಸೀಸನ್ ಪ್ಲೇಆಫ್ (ಲೀಗ್‌ನ ಕೊನೆಯ ಸುತ್ತು) ತಲುಪಿದ್ದ ನಮ್ಮ ತಂಡ ಆ ಸೀಸನ್‌ನಲ್ಲಿ ತಲುಪಲಿಲ್ಲ. ಅವತ್ತು ಟ್ರೈನಿನಲ್ಲಿ, ಅಂಗಡಿಯಲ್ಲಿ, ಎಲ್ಲರ ಜೊತೆ ನಮಗೂ ಬೇಜಾರಾಯಿತು. ಹಾಗೆ ಬೇಜಾರಾಗಿದ್ದೇ ನನಗೆ ದೊಡ್ಡದೆನಿಸಿತು.

ನಮ್ಮೂರಿಗೂ ಈ ಆಟ ಹೊಸದೇನಲ್ಲ. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ಬೆಂಗಳೂರಿನಲ್ಲೇ ನಡೆಯಿತು. ನಮ್ಮ ಭಾರತದ ಹುಡುಗಿಯರು ಕಜಕಿಸ್ತಾನವನ್ನು 75-73ರಲ್ಲಿ ಸೋಲಿಸಿ ಬಿ ವಿಭಾಗ ಗೆದ್ದರು. ಎ ವಿಭಾಗದ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಒಂದೇ ಪಾಯಿಂಟ್‌ನಿಂದ ಜಪಾನ್‌ಗೆ ಸೋತಿತು. ಹೆಣ್ಣುಮಕ್ಕಳಿರುವ ಮನೆಯವರು ಇಲ್ಲಿನ ಮಹಿಳೆಯರ ತಂಡ ಪರ್ತ್ ಲಿಂಕ್ಸ್ ಆಟಕ್ಕೂ ಖಂಡಿತ ಹೋಗಿ.

ಮಗನಿಗೆ ಏನು ಹೇಳಲಿ? ಈ ವರ್ಷ ನಮ್ಮಲ್ಲೂ ಮೆಲ್ಬರ್ನ್‌ಗೆ, ಸಿಡ್ನಿಗೆ ಹೊರಟ ಮನೆಗಳಿವೆ. ಕನ್ನಡ ಶಾಲೆಯ ದೊಡ್ಡ ಮಕ್ಕಳ ತರಗತಿ ಅರ್ಧ ಖಾಲಿ. ಅಡಿಲೇಡ್‌ಗೆ ರಸ್ತೆಯಲ್ಲಿ ಸುಮಾರು 2,700 ಕಿ.ಮೀ. ಇಲ್ಲಿಂದ ಹೋದವರು ವಾರದ ಕೊನೆಗೆ ಸುಮ್ನೆ ಬಂದು ಹೋಗಲು ಆಗುವುದಿಲ್ಲ. ಹೋದವರು ನಮ್ಮವರೇ, ಅವರ ಕೆಲಸ ಅಲ್ಲಿದೆ ಎಂದೆ. ಅವನಿಗೆ ಪೂರ್ತಿ ಸಮಾಧಾನವಾಗಿಲ್ಲ. ನನಗೂ ಇಲ್ಲ.

ಇನ್ನು ಸೂಚನೆಗಳು, ಜಾಗ ಕಡಿಮೆ. ದೀಪಾವಳಿ ಊಟಕ್ಕೆ ಹೆಸರು ಕೊಡಲು ಈ ಭಾನುವಾರ ಕೊನೆ. ಪುಳಿಯೋಗರೆ ಗೊಜ್ಜು ಮಾಡುವವರು ಸಿಕ್ಕಿದ್ದಾರೆ, ಹೋಳಿಗೆಗೆ ಇನ್ನೂ ಕೈಗಳು ಬೇಕು. ರಾಜ್ಯೋತ್ಸವದ ನಾಟಕದ ಪ್ರಾಕ್ಟೀಸ್ ಶನಿವಾರ, ಕನ್ನಡ ಶಾಲೆ ಮುಗಿದ ಕೂಡಲೇ. ಅಡಿಲೇಡ್ ತಂಡ ಇಲ್ಲಿಗೆ ಬರುವ ದಿನ ಸಂಘದಿಂದ ಒಟ್ಟಿಗೆ ಆಟಕ್ಕೆ ಹೋಗೋಣ ಎಂದಿದ್ದೇವೆ. ಕೆಂಪು ಅಂಗಿ ಇಲ್ಲದವರು ರಾಜ್ಯೋತ್ಸವದ ಶಾಲು ಹೊದ್ದು ಬನ್ನಿ. ಈ ವರ್ಷ ಬಂದಿರುವ ಹೊಸ ಮನೆಗಳನ್ನು ದಯವಿಟ್ಟು ನೀವೇ ಫೋನ್ ಮಾಡಿ ಕರೆಯಿರಿ.

ಕೊನೆಯದಾಗಿ, ಈ ಪತ್ರಿಕೆಯ ಪುಟ ಜೋಡಿಸುತ್ತಿದ್ದವರೂ ಹೊರಟವರಲ್ಲಿ ಒಬ್ಬರು. ಟೈಪಿಂಗ್, ಪುಟ, ತಿದ್ದುವುದು ಎಲ್ಲ ಈಗ ಒಬ್ಬಳ ಮೇಲೆ ಬಿದ್ದಿದೆ, ನಿಜವಾಗಿಯೂ ಕಷ್ಟವಾಗುತ್ತಿದೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬರುವವರು ತಿಂಗಳಿಗೆ ಒಂದು ಸಂಜೆ ಕೊಟ್ಟರೂ ಸಾಕು. ಯುಗಾದಿ ಸಂಚಿಕೆಯ ಕೆಲಸ ಜನವರಿಯಲ್ಲಿ ಶುರುವಾಗುತ್ತದೆ. ಅಷ್ಟರೊಳಗೆ ಒಬ್ಬರಾದರೂ ಬನ್ನಿ.